ಐದು ಯೂನಿಟ್ಟಿನ ಹಾಡು

ನಮ್ಮ ಮನೆಯ ಕಂಪ್ಯೂಟರಿಗೆ ಹತ್ತು ವರ್ಷ ದಾಟಿದೆ. 2014ರ ಗೌರಿಹಬ್ಬದ ಹಿಂದಿನ ವಾರ ನಾನೂ ನಮ್ಮ ಯಜಮಾನರೂ ತುಮಕೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಆರಿಸಿ, ಅಲ್ಲೇ ಜೋಡಿಸಿಕೊಂಡು ತಂದದ್ದು. ವಾಪಸು ಬರುವಾಗ ರೈಲಿನಲ್ಲಿ ಸೀಟು ಸಿಗದೆ ಯಜಮಾನರು ಆ ಡಬ್ಬದ ಮೇಲೆ ಟವೆಲ್ ಹಾಸಿ ಕೂರಲು ಹೊರಟದ್ದು, ನಾನು ಬೋಗಿಯೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದ್ದು ಇವತ್ತಿಗೂ ಮನೆಯಲ್ಲಿ ತಮಾಷೆಯ ವಿಷಯ. ನನ್ನ ಪಿಎಚ್.ಡಿ. ಪ್ರಬಂಧವನ್ನು ನುಡಿಯಲ್ಲಿ ಟೈಪು ಮಾಡಿದ್ದು ಅದರಲ್ಲೇ. ಮಗಳು ಕನ್ನಡ ಅಕ್ಷರಗಳಿಗಿಂತ ಮೊದಲು ಬಣ್ಣ ತುಂಬುವುದನ್ನು ಕಲಿತದ್ದೂ ಅದರಲ್ಲೇ.

ಅದರ ಹಾರ್ಡ್ ಡಿಸ್ಕಿನಲ್ಲಿ ಅಮ್ಮನ ಹಾಡುಗಳಿದ್ದವು. 2017ರ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅಮ್ಮನನ್ನು ಹಿತ್ತಲಿನ ಜಗಲಿಯ ಮೇಲೆ ಕೂರಿಸಿ ರಾಗಿ ಬೀಸುವ ಪದ, ಸೋಬಾನೆ ಪದ, ಮಗು ತೂಗುವ ಪದ ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡಿದ್ದೆ. ಮಧ್ಯೆ ಮಧ್ಯೆ ಕೋಳಿ ಕೂಗುತ್ತದೆ, ಅಮ್ಮ ಕೆಮ್ಮುತ್ತಾಳೆ, 'ಮುಂದಿಂದು ಮರ್ತೋಯ್ತು ಕಣಮ್ಮ' ಅನ್ನುತ್ತಾಳೆ. ಒಟ್ಟು 43 ಫೈಲುಗಳು. ಅವನ್ನು ಕಂಪ್ಯೂಟರಿಗೆ ಹಾಕಿಟ್ಟ ಮೇಲೆ ಆ ಮೊಬೈಲು ಬಸ್ಸಿನಲ್ಲಿ ಕಳೆದುಹೋಯಿತು. ಅಮ್ಮ ಹೋಗಿ ಮೂರು ವರ್ಷವಾಯಿತು. ಆಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಅಪ್ಪ ಆ ಹಾಡುಗಳನ್ನು ಒಮ್ಮೆಯೂ ಕೇಳಿರಲಿಲ್ಲ. ಹಾಕಲಾ ಅಂದರೆ 'ಇನ್ನೊಂದಿನ ಹಾಕು' ಅಂದು ಎದ್ದು ಹೋಗಿಬಿಡುತ್ತಿದ್ದರು.

ಮಗಳು ಬೆಂಗಳೂರಿನಲ್ಲಿ ಅನಿಮೇಷನ್ ಓದುತ್ತಿದ್ದಾಳೆ. ಕಳೆದ ಡಿಸೆಂಬರಿನಲ್ಲಿ ಸೆಮಿಸ್ಟರಿನ ಕೊನೆಗೆ ಎರಡು ನಿಮಿಷದ ಒಂದು ಚಿತ್ರ ಮಾಡಿ ಒಪ್ಪಿಸಬೇಕಿತ್ತು. ಅವಳು ಆರಿಸಿಕೊಂಡದ್ದು ಅಜ್ಜಿಯ ರಾಗಿ ಬೀಸುವ ಪದವನ್ನು. ಬೀಸುವ ಕಲ್ಲು, ಗೋಡೆಯ ಮೇಲೆ ಓಡಾಡುವ ನೆರಳು, ಕಲ್ಲಿನ ಅಂಚಿನಿಂದ ಸುರಿಯುವ ಹಿಟ್ಟು, ಎಲ್ಲವನ್ನೂ ಬ್ಲೆಂಡರ್ ಅನ್ನುವ ತಂತ್ರಾಂಶದಲ್ಲಿ ಮಾಡಿದ್ದಳು. ಮಾಡಿದ್ದು ಸಾಲದು, ಅದನ್ನು ರೆಂಡರ್ ಮಾಡಬೇಕಂತೆ. ಅಂದರೆ ಬೆಳಕು ಎಲ್ಲಿಂದ ಬಂದು ಎಲ್ಲಿ ಬಿದ್ದು ಎಲ್ಲಿಗೆ ಚಿಮ್ಮುತ್ತದೆ ಎಂದು ಲೆಕ್ಕ ಹಾಕಿ ಒಂದೊಂದೇ ಚಿತ್ರವನ್ನು ಕಂಪ್ಯೂಟರು ಬರೆಯಬೇಕು. ಒಂದು ಸೆಕೆಂಡಿಗೆ 24 ಚಿತ್ರ, ಎರಡು ನಿಮಿಷಕ್ಕೆ 2,880. ನಮ್ಮ ಹಳೆಯ ಯಂತ್ರ ಒಂದು ಚಿತ್ರಕ್ಕೆ ಒಂಬತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಮಗಳು ಕ್ಯಾಲ್ಕುಲೇಟರ್ ಒತ್ತಿ, 'ಹಗಲೂ ರಾತ್ರಿ ಓಡಿಸಿದರೆ ಹದಿನೆಂಟು ದಿನ ಬೇಕು ಅಮ್ಮಾ' ಅಂದಳು.

ಪೇಪರ್ ಓದುತ್ತಿದ್ದ ಅಪ್ಪ ಕನ್ನಡಕದ ಮೇಲಿಂದ ನೋಡಿ, 'ಅಷ್ಟೊತ್ತಿಗೆ ಕುರುಕ್ಷೇತ್ರ ಯುದ್ಧವೇ ಮುಗಿದಿತ್ತಲ್ಲವ್ವಾ' ಅಂದರು.

ಅವಳ ಬಳಿ ಇದ್ದದ್ದು ಹನ್ನೊಂದು ದಿನ. ಗ್ರಾಫಿಕ್ಸ್ ಕಾರ್ಡ್ ಬದಲಾಯಿಸದೆ ದಾರಿಯಿರಲಿಲ್ಲ. ನಮ್ಮದರಲ್ಲಿದ್ದ ಜಿಟಿ 710 ಕಾರ್ಡು 19 ವ್ಯಾಟಿನದು, ಪರದೆಗೆ ಚಿತ್ರ ಕಳಿಸುವುದಕ್ಕಷ್ಟೇ ಲಾಯಕ್ಕು. ಅವಳ ಸಹಪಾಠಿಯೊಬ್ಬ ಬಳಸಿದ ಆರ್‌ಟಿಎಕ್ಸ್ 3060 ಒಂದನ್ನು ಕೊಡಿಸಿದ. ಹೊಸದಕ್ಕೆ ನಮ್ಮ ಕೈ ನಿಲುಕುವಂತಿರಲಿಲ್ಲ. ನಾನು ಚೀಟಿ ಎತ್ತಿದ ದುಡ್ಡಿನಲ್ಲಿ ಇಪ್ಪತ್ತು ಸಾವಿರ ಕೊಟ್ಟೆ. ಕಾರ್ಡಿನ ಬೆನ್ನಿಗೆ ಎಂಟು ತೂತಿನ ಒಂದು ಸಾಕೆಟ್ಟಿತ್ತು, ಎಸ್‌ಎಂಪಿಎಸ್‌ನಿಂದ ನೇರವಾಗಿ ಕರೆಂಟು ಕುಡಿಯುವುದಕ್ಕೆ. ನಮ್ಮ ಎಸ್‌ಎಂಪಿಎಸ್‌ನಲ್ಲಿ ಅದಕ್ಕೆ ಹೊಂದುವ ವೈರೇ ಇರಲಿಲ್ಲ. 'ಅದಕ್ಕೇನು, ನೂರೈವತ್ತು ರೂಪಾಯಿಗೆ ಕನ್ವರ್ಟರ್ ಸಿಗುತ್ತೆ' ಎಂದು ಯಾರೋ ಹೇಳಿದರಂತೆ. ಹಳೆಯ ಕಾಲದ ಎರಡು ನಾಲ್ಕು ಪಿನ್ನಿನ ತುದಿಗಳನ್ನು ಸೇರಿಸಿ ಒಂದು ಎಂಟು ಪಿನ್ನಿನ ತುದಿ ಮಾಡುವ ವೈರು. ಸಿಕ್ಕಿಸಿದಳು. ಕಂಪ್ಯೂಟರು ಆನ್ ಆಯಿತು, ಪರದೆ ಬೆಳಗಿತು, ನಾವಿಬ್ಬರೂ ಖುಷಿಯಾದೆವು.

ಸಂಜೆ ಮಗಳು ಮೊದಲ ಚಿತ್ರವನ್ನು ರೆಂಡರಿಗೆ ಹಾಕಿದಳು. ಅರ್ಧ ನಿಮಿಷವೂ ಆಗಿರಲಿಲ್ಲ, ಟಪ್ ಎಂದು ಎಲ್ಲ ಆರಿಹೋಯಿತು. ಆಮೇಲೆ ವಾಸನೆ ಬಂತು, ಪ್ಲಾಸ್ಟಿಕ್ ಸುಟ್ಟಿದ್ದಕ್ಕೆ ಮೀನಿನ ನಾತ ಬೆರೆಸಿದ ಹಾಗೆ. ಅಡುಗೆಮನೆಯಲ್ಲಿ ನಾನು ಒಗ್ಗರಣೆ ಬಿಟ್ಟು ಬರುವಷ್ಟರಲ್ಲಿ ಅಪ್ಪ ಅಲ್ಲಿದ್ದರು. ಎಪ್ಪತ್ತಾರು ವರ್ಷದ, ಕೈ ನಡುಗುವ, ಎದ್ದು ನಿಲ್ಲಲು ಮಂಚದ ಅಂಚು ಹಿಡಿಯುವ ಮನುಷ್ಯ ಅಷ್ಟು ಬೇಗ ಹೇಗೆ ಬಂದರೋ ಗೊತ್ತಿಲ್ಲ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಅದನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿಟ್ಟರು.

'ಯಾರನ್ನ ಕೇಳಿ ಸಿಗಸ್ದೆ ಇದನ್ನ?' ಅಂದರು. ಮೊಮ್ಮಗಳಿಗೆ ಅವರು ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಅಪ್ಪ ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿದ್ದರು. ಈಗಲೂ ಅಂಗಿ ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡೇ ವಾಕಿಂಗಿಗೆ ಹೋಗುತ್ತಾರೆ. ಕಂಬ ಹತ್ತುವ ಮೊದಲು ಎಲ್.ಸಿ. ಅಂದರೆ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು, ಆ ಲೈನಿಗೆ ಕರೆಂಟು ನಿಲ್ಲಿಸಿದ್ದೇವೆ ಎಂದು ಸ್ಟೇಷನ್ನಿನವರು ಹೇಳಬೇಕು. ಅಷ್ಟಾದ ಮೇಲೂ ತಂತಿಗಳನ್ನು ಅರ್ತಿಂಗ್ ಮಾಡದೆ ಮುಟ್ಟುವ ಹಾಗಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಜೊತೆಗಾರರೊಬ್ಬರು ಕಂಬದ ಮೇಲೇ ತೀರಿಕೊಂಡರು. ಎಲ್.ಸಿ. ಸಿಕ್ಕಿತ್ತು, ಲೈನು ಸತ್ತಿತ್ತು. ಆದರೆ ಯಾವುದೋ ಮದುವೆ ಮನೆಯವರು ಕರೆಂಟಿಲ್ಲವೆಂದು ಜನರೇಟರ್ ಹಾಕಿದ್ದರು. ಚೇಂಜ್ ಓವರ್ ಸ್ವಿಚ್ಚಿಲ್ಲದೆ ಮನೆಯ ವೈರಿಂಗಿಗೆ ನೇರ ಕೊಟ್ಟಿದ್ದರಿಂದ ಕರೆಂಟು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರ್ ದಾಟಿ, ಸತ್ತ ಲೈನಿಗೆ ಬಂದಿತ್ತು. ಆ ರಾತ್ರಿ ಅಪ್ಪ ಊಟ ಮಾಡದೆ ಜಗಲಿಯ ಮೇಲೆ ಕೂತಿದ್ದು, ಅಮ್ಮ ಅವರ ಪಕ್ಕ ಏನೂ ಮಾತಾಡದೆ ಎಲೆ ಅಡಿಕೆ ಮಡಚುತ್ತಾ ಕೂತಿದ್ದು ನನಗೆ ನೆನಪಿದೆ.

ಮಾರನೆಯ ಬೆಳಿಗ್ಗೆ ಅಪ್ಪನ ಸಿಟ್ಟು ಇಳಿದಿತ್ತು. ಮಗಳು ಕ್ಯಾಬಿನೆಟ್ಟಿನ ಪಕ್ಕದ ಹಲಗೆ ತೆಗೆದಳು. ಒಳಗೆ ಹತ್ತು ವರ್ಷದ ದೂಳು, ಮೂಲೆಯಲ್ಲಿ ಹಲ್ಲಿಯ ಎರಡು ಒಣ ಮೊಟ್ಟೆ ಚಿಪ್ಪು. ಕನ್ವರ್ಟರಿನ ಬಿಳಿ ತುದಿ ಸುಟ್ಟು ಕಂದಾಗಿತ್ತು. ಅಪ್ಪ ಭೂತಗನ್ನಡಿ ತರಿಸಿ ಎಸ್‌ಎಂಪಿಎಸ್‌ನ ಮೈಮೇಲಿದ್ದ ಚೀಟಿ ಓದಿದರು. ದಪ್ಪಕ್ಷರದಲ್ಲಿ 450 ಎಂದಿತ್ತು. ಕೆಳಗಿನ ಸಣ್ಣ ಅಕ್ಷರದ ಕೋಷ್ಟಕದಲ್ಲಿ 12 ವೋಲ್ಟಿನ ಮುಂದೆ 16 ಆಂಪಿಯರ್.

'ಹನ್ನೆರಡು ಹದಿನಾರ್ಲ ಎಷ್ಟಾಯ್ತು?'

'192 ತಾತ.'

'ನಿನ್ನ ಕಾರ್ಡು ಎಷ್ಟು ಕೇಳುತ್ತೆ?'

ಕಾರ್ಡು 170 ವ್ಯಾಟು, ಪ್ರೊಸೆಸರು 84 ವ್ಯಾಟು. ಎರಡೂ 12 ವೋಲ್ಟಿನ ಲೈನಿನಿಂದಲೇ ಎಳೆಯುತ್ತವೆ. ಒಟ್ಟು 254. ಫ್ಯಾನು, ಡಿಸ್ಕು ಬೇರೆ. ಮಗಳು ಸುಮ್ಮನಾದಳು. 'ಬಾಕ್ಸಿನ ಮೇಲೆ 450 ಅಂತಿತ್ತಲ್ಲ' ಎಂದು ಮೆಲ್ಲಗೆ ಅಂದಳು. ಬೇರೆ ಬೇರೆ ವೋಲ್ಟಿನ ಲೈನುಗಳನ್ನೆಲ್ಲ ಕೂಡಿಸಿ, ಅದರ ಮೇಲೆ ಒಂದಿಷ್ಟು ಧೈರ್ಯವನ್ನೂ ಸೇರಿಸಿ ಬರೆದ ಸಂಖ್ಯೆ ಅದು.

'25 ಕೆವಿಎ ಟಿಸಿ ಇಟ್ಟು ಇಡೀ ಊರಿನ ಪಂಪ್‌ಸೆಟ್ಟು ಎಳೆದಂಗೆ ಆಯ್ತು' ಅಂದರು ಅಪ್ಪ. 'ಬೇಸಿಗೇಲಿ ನಮ್ಮ ಟಿಸಿಗಳು ಹಿಂಗೇ ಹೊಗೆ ಹಾಕ್ತಿದ್ವು.'

ಅವರಿಗೆ ಎಸ್‌ಎಂಪಿಎಸ್ ಬಿಚ್ಚಿ ಒಳಗೆ ಏನು ಸುಟ್ಟಿದೆ ನೋಡುವ ಆಸೆ. ಸ್ಕ್ರೂ ಡ್ರೈವರ್ ಹುಡುಕತೊಡಗಿದರು. ಆಗ ಮಗಳು ಅವರ ಕೈ ಹಿಡಿದಳು. 'ಬೇಡ ತಾತ. ಒಳಗಿರೋ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ ಮುನ್ನೂರು ವೋಲ್ಟಿಗಿಂತ ಜಾಸ್ತಿ ಉಳಕೊಂಡಿರಬಹುದು. ಇದನ್ನ ಯಾವತ್ತೂ ಬಿಚ್ಚಬಾರದು. ಕೆಟ್ಟರೆ ಹಂಗೇ ಬದಲಾಯಿಸಬೇಕು.' ಅಪ್ಪ ಅವಳ ಮುಖ ನೋಡಿದರು. ಹಿಂದಿನ ದಿನದ ದನಿ ಅವಳು ಮರೆತಿರಲಿಲ್ಲ ಅನ್ನಿಸುತ್ತದೆ, ಅವಳ ಗದರಿಕೆಯೂ ಹಾಗೇ ಇತ್ತು. 'ಗೊತ್ತಲ್ಲ ನಿಂಗೆ!' ಎಂದು ನಕ್ಕು ಸ್ಕ್ರೂ ಡ್ರೈವರ್ ಕೆಳಗಿಟ್ಟರು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮ್ಮನ ಹಾಡುಗಳು ಆ ಡಿಸ್ಕಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ ಎನ್ನುವುದು ಆಗ ಹೊಳೆಯಿತು. ಮಗಳು ತನ್ನ ಚಿತ್ರಕ್ಕೆಂದು ತೆಗೆದುಕೊಂಡಿದ್ದ ಒಂದು ಹಾಡಿನ ತುಣುಕೂ ಅದರಲ್ಲೇ ಇತ್ತು. ಕರೆಂಟು ಹಾಗೆ ಕಡಿದಾಗ ಡಿಸ್ಕಿಗೂ ಏಟು ಬಿದ್ದಿದ್ದರೆ? ವಿದ್ಯಾರ್ಥಿಗಳಿಗೆ ಜಾನಪದ ಸಂಗ್ರಹದ ಮಹತ್ವದ ಬಗ್ಗೆ ವರ್ಷಕ್ಕೆರಡು ಸಲ ಪಾಠ ಮಾಡುವ ನಾನು ಏಳು ವರ್ಷದಲ್ಲಿ ಒಂದು ಪೆನ್ ಡ್ರೈವಿಗೂ ಅವನ್ನು ಹಾಕಿಕೊಂಡಿರಲಿಲ್ಲ. ಬೆಳಿಗ್ಗೆ ಮಗಳಿಗೆ ಹೇಳಿದೆ. 'ಕಂಪ್ಯೂಟರ್ ಆನ್ ಆದ ತಕ್ಷಣ ಕಾಪಿ ಮಾಡೋಣ ಅಮ್ಮಾ' ಅಂದಳು. ಆನ್ ಆದರೆ, ಎಂದು ನಾನು ಅನ್ನಲಿಲ್ಲ.

ಈ ಸಲ ಲೆಕ್ಕ ಹಾಕಿಯೇ ಹೊಸ ಎಸ್‌ಎಂಪಿಎಸ್ ತರಿಸಿದೆವು. ಈ ಕಾರ್ಡಿಗೆ ಕಂಪನಿಯವರು ಹೇಳುವುದು 550 ವ್ಯಾಟು. ನಾವು ತೆಗೆದುಕೊಂಡದ್ದು 650. ಅಪ್ಪ ಕೇಳಿದ್ದು ಎರಡೇ ಪ್ರಶ್ನೆ. 12 ವೋಲ್ಟಿನಲ್ಲಿ ಎಷ್ಟು ಆಂಪಿಯರ್, ಮತ್ತು ಓವರ್‌ಲೋಡ್ ಆದರೆ ತಾನಾಗಿ ಟ್ರಿಪ್ ಆಗುತ್ತದಾ ಇಲ್ಲವಾ. ಕಾರ್ಡು ಕೂರುವ ಸ್ಲಾಟು ತಾನೇ 75 ವ್ಯಾಟ್ ಕೊಡುತ್ತದೆ, ಎಂಟು ಪಿನ್ನಿನ ವೈರು ಇನ್ನೂ 150 ಕೊಡುತ್ತದೆ, ಕಾರ್ಡಿಗೆ ಬೇಕಾದ 170ಕ್ಕೆ ಧಾರಾಳವಾಯಿತು ಎಂದು ಮಗಳು ವಿವರಿಸಿದಳು. ಅಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡು ಮತ್ತೊಮ್ಮೆ ಕೂಡಿದರು.

ಭಾನುವಾರ ತಿಂಡಿಯಾದ ಮೇಲೆ ಕೆಲಸ ಶುರುವಾಯಿತು. ಹಾಲ್‌ನ ನೆಲದ ಮೇಲೆ ಹಳೆಯ ಪೇಪರ್ ಹಾಸಿ ಕ್ಯಾಬಿನೆಟ್ಟು ಮಲಗಿಸಿದರು. ಅಪ್ಪ ಮೋಡದ ಮೇಲೆ ಕೂತ ಇಂದ್ರನ ಹಾಗೆ ಕುರ್ಚಿಯಲ್ಲಿ. ಮೊದಲಿಗೆ ಪ್ಲಗ್ಗು ತೆಗೆದದ್ದಾಯಿತೇ, ಅದು ಕಣ್ಣಿಗೆ ಕಾಣುವಲ್ಲಿ ಇದೆಯೇ ಎಂದು ಕೇಳಿದರು. ಶಟ್ ಡೌನ್ ಮಾಡಿದ ಕಂಪ್ಯೂಟರಿನೊಳಗೂ ಪ್ಲಗ್ಗಿದ್ದರೆ ಐದು ವೋಲ್ಟು ಸದಾ ಹರಿಯುತ್ತಿರುತ್ತದೆ, ಬಟನ್ ಒತ್ತಿದ ತಕ್ಷಣ ಏಳುವುದಕ್ಕಾಗಿ. ಹಾಗೆಂದು ಮಗಳು ಹೇಳಿದಾಗ 'ಅಂದ್ರೆ ಅದು ನಿದ್ದೆ ಮಾಡಲ್ಲ, ಕಣ್ಣು ಮುಚ್ಕೊಂಡಿರುತ್ತೆ' ಅಂದರು. ಪ್ಲಗ್ ತೆಗೆದ ಮೇಲೂ ಒಳಗೆ ಉಳಿದದ್ದು ಹೋಗಲೆಂದು ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಅಪ್ಪನಿಗೆ ಇದು ಬಹಳ ಹಿಡಿಸಿತು. ಅರ್ತಿಂಗ್ ಮಾಡಿದ ಹಾಗೇ ಆಯಿತಲ್ಲ ಎಂದರು.

ಡಿಸೆಂಬರಿನ ಒಣ ಹವೆ. ಸ್ವೆಟರ್ ಬಿಚ್ಚಿದರೆ ಚಟಚಟ ಅನ್ನುವ ಕಾಲ. ಮೈಯಲ್ಲಿ ಸೇರಿಕೊಂಡ ಆ ವಿದ್ಯುತ್ತು ನಮಗೆ ಗೊತ್ತೂ ಆಗದ ಹಾಗೆ ಚಿಪ್ಪನ್ನು ಕೊಲ್ಲಬಲ್ಲದು. ಅದಕ್ಕಾಗಿ ಮಗಳು ಸ್ವೆಟರ್ ತೆಗೆದಿಟ್ಟು, ಕಾರ್ಡು ಮುಟ್ಟುವ ಮುಂಚೆ ಒಂದೊಂದು ಸಲವೂ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡು ಮುಟ್ಟುತ್ತಿದ್ದಳು, ದೇವರ ಮುಂದೆ ಗಲ್ಲ ಮುಟ್ಟಿಕೊಳ್ಳುವ ಹಾಗೆ. ಹಳೆಯ ಕಾರ್ಡಿನ ಸ್ಕ್ರೂ ಬಿಚ್ಚಿ, ಸ್ಲಾಟಿನ ತುದಿಯ ಕೊಂಡಿ ಒತ್ತಿ, ನೇರಕ್ಕೆ ಎತ್ತಿದಳು. ಹಳೆಯ ಎಸ್‌ಎಂಪಿಎಸ್‌ನ ನಾಲ್ಕು ಸ್ಕ್ರೂ ಬಿಚ್ಚುವಾಗ ಅಪ್ಪ ಟಾರ್ಚ್ ಹಿಡಿದರು. ಕೈ ನಡುಗಿ ಬೆಳಕು ಅಲ್ಲಾಡುತ್ತಿತ್ತು. ಮಗಳು ಏನೂ ಅನ್ನದೆ ಆ ಅಲ್ಲಾಡುವ ಬೆಳಕಿನಲ್ಲೇ ಕೆಲಸ ಮಾಡಿದಳು.

ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ವೈರೂ ಕಾರ್ಡಿಗೆ ಹೋಗುವ ಎಂಟು ಪಿನ್ನಿನ ವೈರೂ ಅವಳಿ ಮಕ್ಕಳ ಹಾಗಿರುತ್ತವೆ. ಒಳಗೆ ಮಾತ್ರ ಒಂದರಲ್ಲಿ 12 ವೋಲ್ಟಿರುವ ಕಡೆ ಇನ್ನೊಂದರಲ್ಲಿ ನೆಲ. ಒಂದನ್ನು ಇನ್ನೊಂದರಲ್ಲಿ ಬಲವಂತವಾಗಿ ತುರುಕಿದರೆ ಕತೆ ಮುಗಿಯಿತು. ಹಗುರವಾಗಿ ಕೂರದಿದ್ದರೆ ತಪ್ಪು ಜಾಗ ಎಂದು ಅರ್ಥ. ಅದನ್ನೆಲ್ಲ ಮಗಳು ಸರಿಯಾಗಿಯೇ ಮಾಡಿದಳು. ಕೊನೆಗೆ ಉಳಿದದ್ದು ಹಾರ್ಡ್ ಡಿಸ್ಕು.

ಹೊಸ ಎಸ್‌ಎಂಪಿಎಸ್‌ನ ವೈರುಗಳನ್ನು ಬೇಕಾದಷ್ಟೇ ಸಿಕ್ಕಿಸಿಕೊಳ್ಳಬಹುದು, ಬೇಡವಾದ್ದನ್ನು ಬಿಚ್ಚಿಡಬಹುದು. ಡಿಸ್ಕಿನ ವೈರು ಮೇಲಿದ್ದ ಎಸ್‌ಎಸ್‌ಡಿಗೆ ಮುಟ್ಟಿದರೆ ಕೆಳಗಿನ ಡಿಸ್ಕಿಗೆ ಮುಟ್ಟುತ್ತಿರಲಿಲ್ಲ. ಮಗಳು ಬ್ಯಾಗಿನಿಂದ ಇನ್ನೊಂದು ಕಪ್ಪು ವೈರು ತೆಗೆದಳು. ಕಾರ್ಡು ಕೊಡಿಸಿದ ಗೆಳೆಯನೇ ಇರಲಿ ಎಂದು ಕೊಟ್ಟಿದ್ದಂತೆ. ಎಸ್‌ಎಂಪಿಎಸ್‌ನ ಖಾಲಿ ಸಾಕೆಟ್ಟಿಗೆ ಅದನ್ನು ಹಿಡಿದಳು. ಸಲೀಸಾಗಿ ಕೂತಿತು. ಬಲವಂತವೇ ಬೇಕಾಗಲಿಲ್ಲ. ಇನ್ನೊಂದು ತುದಿಯನ್ನು ಡಿಸ್ಕಿನ ಕಡೆ ತಂದಳು.

'ಅದ್ಯಾವ ಲೈನಿನ ವೈರು?' ಅಂದರು ಅಪ್ಪ.

'ಇದೂ ಎಸ್‌ಎಂಪಿಎಸ್‌ದೇ ತಾತ. ನನ್ನ ಫ್ರೆಂಡಿಂದು.'

'ಈ ಬಾಕ್ಸಿನಲ್ಲಿ ಬಂದಿದ್ದಲ್ಲ?'

'ಅಲ್ಲ. ಆದ್ರೆ ಸರಿಯಾಗಿ ಕೂರುತ್ತಲ್ಲ.'

'ಕೂರೋದೆಲ್ಲ ಸೇರೋದಲ್ಲ ಮಗಾ. ಕೇಳು ಯಾರನ್ನಾದ್ರೂ.'

ಮಗಳಿಗೆ ತಾಳ್ಮೆ ಕೆಟ್ಟಿತ್ತು. ಬೆಳಗಿನಿಂದ ನೆಲದ ಮೇಲೆ ಕೂತು ಸೊಂಟ ಹಿಡಿದಿತ್ತು, ಆರು ದಿನ ಮಾತ್ರ ಉಳಿದಿತ್ತು. ಆದರೂ ಫೋನ್ ತೆಗೆದು ಎಸ್‌ಎಂಪಿಎಸ್ ಜೊತೆ ಬಂದ ಪುಸ್ತಿಕೆ ತೆರೆದಳು. ಓದುತ್ತಾ ಓದುತ್ತಾ ಅವಳ ಮುಖ ಬಿಳಿಚಿತು. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಗೂ ಒಂದೇ ನಮೂನೆ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿನಲ್ಲಿ ಯಾವ ವೋಲ್ಟು ಎನ್ನುವುದಕ್ಕೆ ನಿಯಮವೇ ಇಲ್ಲ, ಒಬ್ಬೊಬ್ಬರದು ಒಂದೊಂದು ತರಹ. ಬೇರೆಯವರ ವೈರು ಹಾಕಿದರೆ ಐದು ವೋಲ್ಟ್ ಬೇಕಾದಲ್ಲಿ ಹನ್ನೆರಡು ಹೋಗಿ ಡಿಸ್ಕು ಆ ಕ್ಷಣದಲ್ಲೇ ಸುಡಬಹುದು. ಅವಳು ನಿಧಾನಕ್ಕೆ ಆ ವೈರು ಬಿಚ್ಚಿ ನನ್ನ ಕಡೆ ನೋಡಿದಳು. ಅಜ್ಜಿಯ ಹಾಡುಗಳು ಎಂದು ಇಬ್ಬರ ಬಾಯಲ್ಲೂ ಬರಲಿಲ್ಲ. ನಾನು ಎದ್ದು ಹೋಗಿ ಟೀ ಇಟ್ಟೆ. ಲೋಟ ತೊಳೆಯುವಾಗ ನನ್ನ ಕೈಯೂ ನಡುಗುತ್ತಿತ್ತು.

ಅಪ್ಪನಿಗೆ ಕಂಪ್ಯೂಟರಿನ ಬಗ್ಗೆ ಏನೂ ಗೊತ್ತಿಲ್ಲ. ಡಿಸ್ಕಿನಲ್ಲಿ ಏನಿದೆ ಎಂಬುದೂ ಆಗ ಗೊತ್ತಿರಲಿಲ್ಲ. ಸತ್ತ ಲೈನಿಗೆ ಎಲ್ಲಿಂದಲೋ ಕರೆಂಟು ಬಂದದ್ದನ್ನು ಕಂಡ ಮನುಷ್ಯ, ವೈರು ಎಲ್ಲಿಂದ ಬಂತು ಎಂದು ಕೇಳಿದರು, ಅಷ್ಟೇ.

ಎಸ್‌ಎಸ್‌ಡಿಯನ್ನೇ ಬಿಚ್ಚಿ ಕೆಳಗೆ ತಂದು ಡಿಸ್ಕಿನ ಪಕ್ಕ ಕೂರಿಸಿದ್ದರಿಂದ ಬಾಕ್ಸಿನಲ್ಲಿ ಬಂದ ಒಂದೇ ವೈರು ಎರಡಕ್ಕೂ ಸಾಕಾಯಿತು. ಐದು ನಿಮಿಷದ ಕೆಲಸ. ಪ್ಲಗ್ಗು ಹಾಕುವ ಮುನ್ನ ಅಪ್ಪ ಗೋಡೆಯ ಸಾಕೆಟ್ಟನ್ನು ಟೆಸ್ಟರಿನಿಂದ ನೋಡಿದರು. ಪ್ಲಗ್ಗಿನ ಅರ್ತ್ ಪಿನ್ನು ಉಳಿದೆರಡಕ್ಕಿಂತ ಉದ್ದ ಯಾಕಿರುತ್ತದೆ ಎಂದು ಮೊಮ್ಮಗಳನ್ನು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. 'ಒಳಕ್ಕೆ ಹೋಗುವಾಗ ಅದೇ ಮೊದಲು, ಈಚೆಗೆ ಬರುವಾಗ ಅದೇ ಕೊನೆ. ಮನೆ ಯಜಮಾನಿ ಇದ್ದಂಗೆ' ಅಂದರು.

ಬಟನ್ ಒತ್ತಿದಳು. ಫ್ಯಾನುಗಳು ತಿರುಗಿದವು. ಪರದೆ ಕಪ್ಪಾಗಿಯೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ಮಗಳ ಕಣ್ಣಲ್ಲಿ ನೀರು ಬಂತು. ಅಪ್ಪ ಕುರ್ಚಿಯಿಂದ ಬಗ್ಗಿ ಹಿಂಬದಿಗೆ ಟಾರ್ಚ್ ಬಿಟ್ಟು, 'ಟೀವಿ ವೈರು ಹಳೇ ಜಾಗದಲ್ಲೇ ಇರಬೇಕಾ?' ಎಂದು ಕೇಳಿದರು. ಪರದೆಯ ವೈರನ್ನು ಹೊಸ ಕಾರ್ಡಿಗೆ ಸಿಕ್ಕಿಸುವ ಬದಲು ಗಡಿಬಿಡಿಯಲ್ಲಿ ಮದರ್‌ಬೋರ್ಡಿಗೆ ಸಿಕ್ಕಿಸಿದ್ದಳು. ಬದಲಾಯಿಸಿದ ಕೂಡಲೇ ಪರದೆ ಬೆಳಗಿತು. ಮೂವರೂ ನಕ್ಕ ನಗೆಗೆ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು.

ಮೊದಲ ಕೆಲಸವಾಗಿ ನಾನು 43 ಫೈಲುಗಳನ್ನು ಎರಡು ಪೆನ್ ಡ್ರೈವಿಗೆ ಹಾಕಿದೆ. ಒಂದು ಬೀರುವಿನಲ್ಲಿದೆ, ಇನ್ನೊಂದು ತಂಗಿಯ ಮನೆಯಲ್ಲಿದೆ. ಸರಿಯಾಗಿ ಬಂದಿದೆಯಾ ನೋಡಲು ಒಂದನ್ನು ಹಾಕಿದೆ. ಕೋಳಿ ಕೂಗಿತು. ಅಮ್ಮ ಗಂಟಲು ಸರಿಮಾಡಿಕೊಂಡಳು. ತಟಕ್ಕನೆ ನಿಲ್ಲಿಸಹೋದವಳು ಅಪ್ಪನ ಮುಖ ನೋಡಿ ಕೈ ಹಿಂದೆಗೆದೆ. ಅವರು ಈ ಸಲ ಎದ್ದು ಹೋಗಲಿಲ್ಲ. ಟೆಸ್ಟರನ್ನು ಬೆರಳಲ್ಲಿ ತಿರುಗಿಸುತ್ತಾ ಹಾಡು ಮುಗಿಯುವವರೆಗೂ ಕೂತಿದ್ದರು.

ರಾತ್ರಿ ಒಂಬತ್ತಕ್ಕೆ ಮಗಳು ರೆಂಡರ್ ಹಾಕಿದಳು. ಒಂದು ಚಿತ್ರಕ್ಕೆ ಇಪ್ಪತ್ತು ಸೆಕೆಂಡು. ಎಲ್ಲ ಮುಗಿಯಲು ಹದಿನಾರು ಗಂಟೆ. ಕಾರ್ಡಿನ ಫ್ಯಾನು ದೂರದ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಅಪ್ಪ ಮಲಗಲು ಒಪ್ಪಲಿಲ್ಲ. ಗಂಟೆಗೊಮ್ಮೆ ವೈರು ಮುಟ್ಟಿ ಬಿಸಿಯಾಗಿದೆಯಾ ನೋಡುತ್ತಿದ್ದರು. ಪರದೆಯ ಮೇಲೆ ಒಂದೊಂದೇ ಚಿತ್ರ ಮೂಡಿ, ಬೀಸುವ ಕಲ್ಲಿನ ಗೂಟ ಕೂದಲೆಳೆಯಷ್ಟು ತಿರುಗುತ್ತಿತ್ತು.

'ಎಷ್ಟು ಕರೆಂಟು ತಿನ್ನುತ್ತೆ ಇದು?' ಎಂದು ಕೇಳಿದರು.

ಮಗಳು ಲೆಕ್ಕ ಹಾಕಿದಳು. ಗೋಡೆಯಿಂದ ಸುಮಾರು ಮುನ್ನೂರು ವ್ಯಾಟು, ಹದಿನಾರು ಗಂಟೆ. 'ಹತ್ತಿರ ಹತ್ತಿರ ಐದು ಯೂನಿಟ್ಟು ತಾತ.'

'ಎರಡು ನಿಮಿಷದ ಹಾಡಿಗೆ ಐದು ಯೂನಿಟ್ಟು.' ಅಪ್ಪ ಸ್ವಲ್ಪ ಹೊತ್ತು ಪರದೆ ನೋಡಿದರು. 'ನಿಮ್ಮಜ್ಜಿ ಬೀಸೋಕೆ ಕೂತಾಗ ಬುಡ್ಡಿ ದೀಪಾನೂ ಆರಿಸಿಬಿಡೋಳು. ಬೀಸೋಕೆ ಬೆಳಕ್ಯಾಕೆ, ಸೀಮೆಎಣ್ಣೆ ಉಳೀಲಿ ಅಂತ. ಕತ್ತಲಲ್ಲಿ ಬರೀ ದನಿ ಕೇಳಿಸೋದು.'

ಮಗಳು ಕೈಯಲ್ಲಿದ್ದ ಫೋನು ಕೆಳಗಿಟ್ಟು, 'ಅಂದ್ರೆ ನೆರಳೇ ಬೀಳ್ತಿರಲಿಲ್ವಾ ತಾತ?' ಅಂದಳು. ಅವಳು ಮೂರು ವಾರ ಕಷ್ಟಪಟ್ಟು ಮಾಡಿದ್ದು ಗೋಡೆಯ ಮೇಲಿನ ನೆರಳನ್ನೇ.

'ಇರಲಿ ಬಿಡು. ನಾನೂ ಅವಳ ಮುಖ ಸರಿಯಾಗಿ ನೋಡಿರಲಿಲ್ಲ ಆವಾಗ. ಈಗ ನೋಡ್ತೀನಿ' ಅಂದರು ಅಪ್ಪ.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ 2,880ನೆಯ ಚಿತ್ರ ಮುಗಿಯಿತು. ಮಗಳು ಮಲಗಿದ್ದಳು. ಫ್ಯಾನಿನ ಸದ್ದು ಇಳಿದಾಗ ಅಪ್ಪನೇ ನನ್ನನ್ನು ಕರೆದು, ಶಟ್ ಡೌನ್ ಮಾಡಿಸಿದರು. ಆಮೇಲೆ ಸ್ವಿಚ್ಚು ಆರಿಸಿ, ಪ್ಲಗ್ಗು ತೆಗೆದು, ಅವಳು ಎದ್ದ ತಕ್ಷಣ ಕಾಣುವ ಹಾಗೆ ಕೀಬೋರ್ಡಿನ ಮೇಲಿಟ್ಟು ಊಟಕ್ಕೆ ಬಂದರು.